ಆಂಗ್ಲ ವಿದ್ಯಾರ್ಥಿಯೂ ನಾಗರಿಯ ಅಕ್ಷರವೂ

ಇಂಗ್ಲಿಷನ್ನು ಮನೆಮಾತಾಗಿ ಉಳ್ಳವರು ಹಿಂದಿಯನ್ನು ಕಲಿಯಲೆಂದು ರಚಿತವಾದ ವ್ಯಾಕರಣಗಳೂ ಪ್ರವೇಶಿಕೆಗಳೂ ಸಂಖ್ಯೆಯಲ್ಲಿ ಕಡಮೆಯೇನಲ್ಲ. ಕಲ್ಕತ್ತೆಯಲ್ಲಿ 1800ರಲ್ಲಿ ಫೋರ್ಟ್ ವಿಲಿಯಂ ಕಾಲೇಜು ಸ್ಥಾಪಿತವಾದಂದಿನಿಂದ ಅವು ಒಂದಾದ ಮೇಲೊಂದು ಹೊರಬರುತ್ತಲೇ ಇವೆ. ಇವುಗಳಲ್ಲಿ ವ್ಯಾಕರಣಭಾಗವನ್ನು ವಿದ್ವಾಂಸರು ಎತ್ತಿ ಆಡಿರುವುದುಂಟು. ಮೊದಲನೆಯ ಅಧ್ಯಾಯವನ್ನು ಮಾತ್ರ ಯಾರೂ ಅಷ್ಟಾಗಿ ಪರಿಶೀಲಿಸಿದಂತೆ ತೋರುವುದಿಲ್ಲ. ಆ ಅಧ್ಯಾಯದ ರೂಪವೂ ಬಹುಮಟ್ಟಿಗೆ ಸ್ಥಿರವಾದುದು. ವರ್ಣಮಾಲೆಯ ಪಟ್ಟಿ, ಪ್ರತಿಯೊಂದು ವರ್ಣದ ಎದುರಿಗೆ ಒಂದು ರೋಮನ್ ಅಕ್ಷರ, ಅದರ ಎದುರಿಗೆ ಆ ಧ್ವನಿಯನ್ನು ತೋರಿಸುವ ಒಂದು ಇಂಗ್ಲಿಷ್ ಶಬ್ದ. ಕೆಳಗಡೆ, ನಾಗರಿಯು ಬರೆದಂತೆ ಓದುವ ಲಿಪಿ, ಆದುದರಿಂದ ಭಯಪಡಬೇಕಾದುದಿಲ್ಲ ಎಂಬ ಅಭಯವಚನ. ಈ ಪಟ್ಟಿಯಲ್ಲಿಯೂ ಈ ಅಭಯವಚನದಲ್ಲಿಯೂ ಇರುವ ದೋಷಗಳು ಚಿಕ್ಕವಲ್ಲವೆಂದೂ, ಇವು ಒಂದೇ ಮೂಲದಿಂದ ಹುಟ್ಟಿದವೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಲಿಪಿಯ ಆಕಾರಗಳನ್ನು ಕಲಿಯುವುದು ಆಂಗ್ಲ ವಿದ್ಯಾರ್ಥಿಗೆ ನಿಜವಾದ ಕಷ್ಟವಲ್ಲ. ಹನ್ನೊಂದು ಸ್ವರ, ಮೂವತ್ತಮೂರು ವ್ಯಂಜನ, ತಲೆಯ ಮೇಲೆ ಒಂದು ಗೆರೆ. ಘ ಮತ್ತು ಧ, ಮ ಮತ್ತು ಭ, ಯ ಮತ್ತು ಥ ಇವುಗಳ ನಾಗರಿ ರೂಪಗಳಲ್ಲಿರುವ ಹೋಲಿಕೆ ಕೆಲವು ದಿನ ಕಾಡುತ್ತದೆ. ಧ, ಭ, ಥ ಈ ಮೂರರಲ್ಲಿ ಶಿರೋರೇಖೆ ತುಂಡಾಗಿರುವುದನ್ನು ಒಮ್ಮೆ ಗುರುತಿಸಿದರೆ ಆ ಕಾಟವೂ ತೀರುತ್ತದೆ. ಕಷ್ಟವಿರುವುದು ಕಣ್ಣಿನಲ್ಲಲ್ಲ, ಕಿವಿಯಲ್ಲಿ ಮತ್ತು ನಾಲಗೆಯಲ್ಲಿ. ಅದಕ್ಕಿಂತ ಹೆಚ್ಚಾಗಿ, ಅಕ್ಷರವೆಂದರೆ ಏನೆಂಬ ತಿಳಿವಳಿಕೆಯಲ್ಲಿ.

ಮಹಾಪ್ರಾಣಗಳನ್ನು ತೆಗೆದುಕೊಳ್ಳೋಣ. ಮೋನಿಯರ್ ವಿಲಿಯಮ್ಸ್ ಅವರ ಸಂಸ್ಕೃತ ನಿಘಂಟಿನ 1899ರ ಆವೃತ್ತಿಯ ಆದಿಯಲ್ಲಿ ಇಂಥದೊಂದು ಪಟ್ಟಿಯಿದೆ. ಖಕಾರಕ್ಕೆ ಇಂಕ್‌ಹಾರ್ನ್, ಘಕಾರಕ್ಕೆ ಲಾಗ್‌ಹಟ್, ಝಕಾರಕ್ಕೆ ಹೆಜ್‌ಹಾಗ್, ಫಕಾರಕ್ಕೆ ಅಪ್‌ಹಿಲ್ ಎಂಬ ಶಬ್ದಗಳು ಅಲ್ಲಿ ನಿದರ್ಶನಗಳು. ಮಸಿಯ ಕೊಂಬು, ಮರದ ದಿಮ್ಮಿಯ ಗುಡಿಸಲು, ಮುಳ್ಳುಹಂದಿ, ಏರುದಾರಿ ಇವೆಲ್ಲವೂ ಒಂದು ಸಾಲಿನಲ್ಲಿ ಬಂದು ನಿಂತಿರುವುದನ್ನು ಕಂಡರೆ ನಗು ಬರುವುದು ಸಹಜ. ಆದರೆ ಈ ಕ್ರಮವನ್ನು ಹಿಂದಿಯ ಪ್ರವೇಶಿಕೆಗಳೂ ಬಹುಕಾಲ ಅನುಸರಿಸಿದವು. ಇದರಲ್ಲಿನ ದೋಷವು ಎರಡು ಬಗೆಯದು. ಅಪ್‌ಹಿಲ್ ಎಂಬಲ್ಲಿ ಪಕಾರವು ಮೊದಲನೆಯ ಪದದ ಕೊನೆಗೆ ಸೇರಿದುದು, ಹಕಾರವು ಎರಡನೆಯ ಪದದ ಮೊದಲಿಗೆ ಸೇರಿದುದು; ನಡುವೆ ನಾಲಗೆಗೆ ಒಂದು ತಂಗುದಾಣವಿದೆ. ಹಿಂದಿಯ 'ಫಲ' ಎಂಬುದರ ಫಕಾರವಾದರೋ ಅಖಂಡವಾದ ಒಂದೇ ವ್ಯಂಜನ. ಪಟ್ಟಿಯನ್ನು ನಂಬಿದ ವಿದ್ಯಾರ್ಥಿ ಅದನ್ನು ಸೀಳಿ, ಪ್ ಎಂದು ನಿಂತು, ಹಲ್ ಎಂದು ಮುಂದುವರಿಯುತ್ತಾನೆ.

ಎರಡನೆಯ ದೋಷವು ಇದಕ್ಕಿಂತ ಗಂಭೀರವಾದುದು. ಇಂಗ್ಲಿಷಿನವನು ಪದಾದಿಯಲ್ಲಿ ಸಹಜವಾಗಿ ನುಡಿಯುವ ಪ, ಟ, ಕಗಳೊಡನೆ ಉಸಿರಿನ ರಭಸ ಇದ್ದೇ ಇರುತ್ತದೆ. ಬಾಯಿಯ ಮುಂದೆ ತೆಳುವಾದ ಕಾಗದದ ಚೂರನ್ನು ಹಿಡಿದು ಅವನಿಂದ 'ಪಿನ್' ಎನ್ನಿಸಿದರೆ ಅದು ಅಲುಗುವುದನ್ನು ಯಾರಾದರೂ ಕಾಣಬಹುದು. 'ಸ್ಪಿನ್' ಎನ್ನಿಸಿದರೆ ಹಾಗೆ ಅಲುಗದು. ಸಕಾರದ ಅನಂತರ ಆ ರಭಸ ಅಡಗುತ್ತದೆ. ಎಂದಮೇಲೆ ಅವನಿಗೆ ದುರ್ಲಭವಾದುದು ಖ, ಫ ಅಲ್ಲ, ಕ, ಪ. ಪಟ್ಟಿಗಳು ಕಕಾರದ ಎದುರಿಗೆ ನಿಶ್ಚಿಂತೆಯಿಂದ 'ಕಿಲ್' ಎಂದು ಬರೆದು ಮುಂದೆ ಹೋಗುತ್ತವೆ. ಖಕಾರಕ್ಕಾಗಿ ಮಸಿಯ ಕೊಂಬನ್ನು ಹುಡುಕುತ್ತವೆ. ಅವನಿಗೆ ಬರುವುದನ್ನು ಕಷ್ಟಪಟ್ಟು ಕಲಿಸಿ, ಬಾರದುದನ್ನು ಬರುತ್ತದೆಂದು ಭಾವಿಸಿ ಬಿಟ್ಟಂತಾಯಿತು. ಹಿಂದಿಯವರು ಪೆನ್ಸಿಲ್, ಕಪ್ ಮುಂತಾದ ಇಂಗ್ಲಿಷ್ ಶಬ್ದಗಳನ್ನು ಅಲ್ಪಪ್ರಾಣದಿಂದಲೇ ಬರೆದುಕೊಂಡಿರುವುದು ಈ ಭ್ರಮೆಗೆ ಇನ್ನಷ್ಟು ಪುಷ್ಟಿ ಕೊಟ್ಟಿತು. ಘ, ಧ, ಭಗಳ ವಿಷಯ ಬೇರೆ. ಈ ಘೋಷ ಮಹಾಪ್ರಾಣಗಳು ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲವಾದ್ದರಿಂದ, ಅಲ್ಲಿ ಸಂಧಿಸ್ಥಾನದ ಶಬ್ದಗಳನ್ನು ತೋರಿಸಿದುದಕ್ಕೆ ಸ್ವಲ್ಪಮಟ್ಟಿನ ಸಮರ್ಥನೆಯುಂಟು.

ಕನ್ನಡಿಗರು ಈ ವಿಷಯದಲ್ಲಿ ಹೆಚ್ಚು ಬೀಗಬೇಕಾದುದಿಲ್ಲ. ನಮ್ಮ ಬಳಕೆಯ ಮಾತಿನಲ್ಲಿ ಮಹಾಪ್ರಾಣಗಳು ಬರಹಕ್ಕಷ್ಟೇ ಉಳಿದಿರುವುದುಂಟು. ಅನ್ನವೆಂಬ ಅರ್ಥದ 'ಭಾತ್' ನಮ್ಮ ಅಡುಗೆಮನೆಗೆ ಬಂದು 'ಬಾತ್' ಆಯಿತು. ಹಿಂದಿಯಲ್ಲಿ ಬಾತ್ ಎಂದರೆ ಮಾತು.

ದಂತ್ಯ ಮೂರ್ಧನ್ಯಗಳ ಭೇದವು ವಿದ್ಯಾರ್ಥಿಯನ್ನು ಇನ್ನೂ ಹೆಚ್ಚು ದಿನ ಕಾಡುವಂಥದು. ಇಂಗ್ಲಿಷಿನ ಟಕಾರವು ಹಲ್ಲಿಗೂ ತಗಲುವುದಿಲ್ಲ, ಮೂರ್ಧಕ್ಕೂ ಏರುವುದಿಲ್ಲ. ನಡುವೆ, ಹಲ್ಲಿನ ಬುಡದ ದಿಂಡಿನಲ್ಲಿ ಹುಟ್ಟುತ್ತದೆ. ಆದುದರಿಂದ ತ, ಟ ಎರಡೂ ಅವನ ಕಿವಿಗೆ ಒಂದೇ. ಹಿಂದಿಯಲ್ಲಿ ಸಾತ್ ಎಂದರೆ ಏಳು, ಸಾಥ್ ಎಂದರೆ ಜೊತೆ, ಸಾಠ್ ಎಂದರೆ ಅರುವತ್ತು. ಈ ಮೂರನ್ನೂ ಒಂದೇ ಬಗೆಯಾಗಿ ನುಡಿಯುವವನು ಸಂತೆಯಲ್ಲಿ ಏನನ್ನು ಕೊಳ್ಳಲು ಹೊರಟರೂ ವ್ಯವಹಾರ ಕೆಡುತ್ತದೆ. ಪ್ರವೇಶಿಕೆಗಳಲ್ಲಿ ಇಂಥ ಪದಗಳು ಮೊದಲ ಪುಟದಲ್ಲಿಯೇ ಇರಬೇಕಾಗಿತ್ತು; ಎಷ್ಟೋ ಕಡೆ ಅವು ಎಲ್ಲಿಯೂ ಇಲ್ಲ. ಭಾರತೀಯರ ಕಿವಿ ಇಂಗ್ಲಿಷಿನ ಈ ಧ್ವನಿಯನ್ನು ಎಲ್ಲಿ ಇಟ್ಟಿತೆಂಬುದು ಗಮನಾರ್ಹ. ಟಿಕಟ್, ಡಾಕ್ಟರ್ ಎಂದು ಹಿಂದಿ ಅದನ್ನು ಟವರ್ಗಕ್ಕೆ ಸೇರಿಸಿತು, ಕನ್ನಡವೂ ಸೇರಿಸಿತು. ಇದನ್ನು ವಿದ್ಯಾರ್ಥಿಗೆ ಹೇಳಿದರೆ ಸಾಕು: ಅವನು ಹೊಸದಾಗಿ ಸಂಪಾದಿಸಬೇಕಾದುದು ದಂತ್ಯವನ್ನು, ಮೂರ್ಧನ್ಯಕ್ಕೆ ನಾಲಗೆಯನ್ನು ಇನ್ನು ಸ್ವಲ್ಪ ಹಿಂದಕ್ಕೆ ಮಡಿಸಿದರಾಯಿತು.

ಇಷ್ಟೆಲ್ಲ ತೊಡಕಿಗೆ ಒಂದು ಕಾರಣ, ಹಿಂದಿಯ ಪ್ರವೇಶಿಕೆಗಳ ಮೇಲೆ ಬಿದ್ದಿರುವ ಸಂಸ್ಕೃತ ಪ್ರವೇಶಿಕೆಗಳ ನೆರಳು. ಐಕಾರಕ್ಕೆ ಸಂಧ್ಯಕ್ಷರದ ಉಚ್ಚಾರಣೆಯನ್ನು ಹೇಳಿಕೊಡುತ್ತಾರೆ. ಶಿಷ್ಟ ಹಿಂದಿಯ 'ಹೈ' ಎಂಬ ಕ್ರಿಯಾಪದದಲ್ಲಿ ಕೇಳುವುದು ವಿವೃತವಾದ ಒಂದೇ ಸ್ವರ. ಜ್ಞಾನವನ್ನು ಹಿಂದಿಯವನು 'ಗ್ಯಾನ್' ಎನ್ನುತ್ತಾನೆ, ಋಷಿಯನ್ನು 'ರಿಶಿ' ಎನ್ನುತ್ತಾನೆ. ಬರೆದಂತೆ ಓದುವ ಲಿಪಿಯೆಂಬ ಮಾತು ಇಲ್ಲಿಯೇ ಸಡಿಲವಾಗುತ್ತದೆ. ಆದರೆ ಇವು ಬಿಡಿ ಸಂಗತಿಗಳು. ಇವನ್ನು ಬಾಯಿಪಾಠ ಮಾಡಿ ದಾಟಬಹುದು. ದಾಟಲಾಗದುದು ಅಕಾರ.

ಈ ಅಕಾರದ ಬಗೆಗೆ ಆಂಗ್ಲ ಪಂಡಿತರಲ್ಲಿಯೇ ಹಿಂದೆ ಒಂದು ಭಿನ್ನಾಭಿಪ್ರಾಯವಿತ್ತು. ಸರ್ ವಿಲಿಯಂ ಜೋನ್ಸ್ ಏಷ್ಯಾಟಿಕ್ ರಿಸರ್ಚಸ್‌ನ ಮೊದಲ ಸಂಪುಟದಲ್ಲಿ, 1788ರಲ್ಲಿ, ಪೌರ್ವಾತ್ಯ ಶಬ್ದಗಳನ್ನು ರೋಮನ್ ಲಿಪಿಯಲ್ಲಿ ಬರೆಯುವ ಕ್ರಮವನ್ನು ವಿವೇಚಿಸಿ, ವ್ಯಂಜನದೊಳಗಿನ ಹ್ರಸ್ವ ಅಕಾರಕ್ಕೆ ರೋಮನ್ನಿನ ಮೊದಲನೆಯ ಸ್ವರಾಕ್ಷರವನ್ನೇ ಗೊತ್ತುಮಾಡಿದರು. ಫೋರ್ಟ್ ವಿಲಿಯಂ ಕಾಲೇಜಿನ ಹಿಂದೂಸ್ತಾನಿ ಪ್ರಾಧ್ಯಾಪಕರಾಗಿದ್ದ ಜಾನ್ ಗಿಲ್‌ಕ್ರಿಸ್ಟ್ ಇದನ್ನು ಒಪ್ಪಲಿಲ್ಲ. ಇಂಗ್ಲಿಷಿನ 'ಬಟ್' ಎಂಬಲ್ಲಿ ಬರೆಯುವ ಐದನೆಯ ಸ್ವರಾಕ್ಷರವನ್ನು ಅವರು ಅದಕ್ಕೆ ಉಪಯೋಗಿಸಿದರು. ಶಕುಂತಲೆಯ ಹೆಸರನ್ನೂ ಹಾಗೆಯೇ ಬರೆದರು. ಕೊನೆಗೆ ಗೆದ್ದುದು ಜೋನ್ಸ್ ಅವರ ಕ್ರಮ. ಶಾಸ್ತ್ರದೃಷ್ಟಿಯಿಂದ ಅದು ಯುಕ್ತವೇ, ಏಕೆಂದರೆ ಅದು ಹ್ರಸ್ವದೀರ್ಘಗಳ ಸಂಬಂಧವನ್ನು ಉಳಿಸುತ್ತದೆ. ಆದರೆ ಸಾಮಾನ್ಯ ಓದುಗನ ನಾಲಗೆಯ ಮಟ್ಟಿಗೆ ಗಿಲ್‌ಕ್ರಿಸ್ಟರು ಹೇಳಿದುದು ಸರಿ. ಜಂಗಲ್, ಪಂಡಿತ್, ಪಂಜಾಬ್ ಎಂಬ ಶಬ್ದಗಳನ್ನು ಇಂಗ್ಲಿಷು ಹಳೆಯ ರೀತಿಯಲ್ಲಿ ಬರೆದುಕೊಂಡಿತು. ಅವುಗಳಲ್ಲಿ ಮೊದಲೆರಡನ್ನು ಇಂಗ್ಲಿಷಿನವನು ಇಂದಿಗೂ ಹೆಚ್ಚು ತಪ್ಪಿಲ್ಲದೆ ನುಡಿಯುತ್ತಾನೆ. ಹೊಸ ರೀತಿಯಲ್ಲಿ ಬರೆದ ಯೋಗವು ಅವನ ಬಾಯಲ್ಲಿ 'ಯೋಗಾ' ಆಗುತ್ತದೆ. ಕೃಷ್ಣನು 'ಕೃಷ್ಣಾ' ಆಗಿ, ತಿಳಿಯದೆಯೇ ದ್ರೌಪದಿಯಾಗಿಬಿಡುತ್ತಾನೆ. ಹ್ರಸ್ವ ಅಕಾರವು ಆಕಾರದ ಚಿಕ್ಕ ಪ್ರತಿಯಲ್ಲ, ಗುಣದಲ್ಲಿಯೇ ಬೇರೆ, ಸಂವೃತವಾದುದು. ಇದು ಅಷ್ಟಾಧ್ಯಾಯಿಯ ಕಟ್ಟಕಡೆಯ ಸೂತ್ರದ ವಿಷಯ. ಪಾಣಿನಿಯು ಕೊನೆಯಲ್ಲಿ ಹೇಳಿದುದನ್ನು ಪ್ರವೇಶಿಕೆಕಾರನು ಮೊದಲಲ್ಲಿ ಹೇಳಬೇಕು.

ಇಲ್ಲಿಂದ ಮುಖ್ಯ ವಿಷಯಕ್ಕೆ ಬರಬಹುದು. ಇಂಗ್ಲಿಷಿನಲ್ಲಿ ಅಕ್ಷರವೆಂದರೆ ಒಂದು ಗುರುತು. ಅದಕ್ಕೆ ಒಂದು ಹೆಸರುಂಟು, ಆ ಹೆಸರಿಗೂ ಅದರ ಧ್ವನಿಗೂ ನಂಟು ಇದ್ದರೂ ಇರಬಹುದು, ಇಲ್ಲದಿದ್ದರೂ ಇರಬಹುದು. 'ಡಬಲ್ ಯು' ಎಂಬ ಹೆಸರೇ ಸಾಕ್ಷಿ. ಗುರುತುಗಳು ಎಡದಿಂದ ಬಲಕ್ಕೆ ಒಂದರ ಹಿಂದೆ ಒಂದು ನಡೆಯುತ್ತವೆ, ಕಣ್ಣು ಅದೇ ಕ್ರಮದಲ್ಲಿ ಅವನ್ನು ಕೂಡಿಸುತ್ತದೆ. ನಾಗರಿಯಲ್ಲಿ ಹೆಸರೇ ಧ್ವನಿ; ಓದಿನ ಘಟಕವು ಗುರುತಲ್ಲ, ಅಕ್ಷರ. ಅಂದರೆ ಒಂದು ಅಥವಾ ಹಲವು ವ್ಯಂಜನಗಳೂ ಅವುಗಳ ಮೇಲೆ ನಿಂತ ಸ್ವರವೂ ಸೇರಿದ ಒಂದು ಪಿಂಡ. ಇಕಾರದ ಮಾತ್ರೆಯನ್ನು ನೋಡಿ. ನಾಗರಿಯಲ್ಲಿ ಅದು ವ್ಯಂಜನದ ಎಡಕ್ಕೆ ನಿಲ್ಲುತ್ತದೆ. 'ಹಿಂದೀ' ಎಂಬ ಶಬ್ದವನ್ನೇ ಇಂಗ್ಲಿಷಿನವನ ಕಣ್ಣು ಮೊದಲು 'ಇಹ' ಎಂದು ಆರಂಭಿಸುತ್ತದೆ. 'ಸ್ಥಿತಿ' ಎಂಬಲ್ಲಿ ಆ ಮಾತ್ರೆ ಥಕಾರದ ಹಿಂದಲ್ಲ, ಸಂಯುಕ್ತಾಕ್ಷರ ಪೂರ್ತಿಯ ಹಿಂದೆ ನಿಂತಿರುತ್ತದೆ. ರೇಫೆಯದು ಇದಕ್ಕೆ ವಿಪರೀತ. 'ಶರ್ಮಾ' ಎಂಬಲ್ಲಿ ಮಕಾರಕ್ಕಿಂತ ಮೊದಲು ಉಚ್ಚರಿಸಬೇಕಾದ ರೇಫೆಯು ಮಕಾರವನ್ನೂ ದಾಟಿ ಆಕಾರದ ದಂಡದ ನೆತ್ತಿಯ ಮೇಲೆ ಕುಳಿತಿದೆ. ಗುರುತುಗಳನ್ನು ಸಾಲಾಗಿ ಕೂಡಿಸುವವನಿಗೆ ಇವೆಲ್ಲ ವಿಕೃತಿಗಳು. ಅಕ್ಷರವನ್ನು ಒಟ್ಟಾಗಿ ಕಾಣುವವನಿಗೆ ಇಲ್ಲಿ ವಿಕೃತಿಯೇ ಇಲ್ಲ. ನಮ್ಮ ಅರ್ಕಾವೊತ್ತು ಮಕಾರದ ಅನಂತರ ನಿಂತು ಅದಕ್ಕಿಂತ ಮೊದಲು ಉಚ್ಚಾರವಾಗುವುದನ್ನು ನಾವಾರೂ ಗಮನಿಸುವುದೇ ಇಲ್ಲವಷ್ಟೆ.

ಪ್ರವೇಶಿಕೆಗಳು ಇದನ್ನು ಹೇಳುವ ಕ್ರಮ ಹೇಗೆ? ಮೊದಲು ವ್ಯಂಜನಗಳು, ಆಮೇಲೆ ಮಾತ್ರೆಗಳು, ಆಮೇಲೆ ಸಂಯುಕ್ತಗಳು. ಮಾತ್ರೆಗಳಿಗೆ ಕಕಾರದ ಒಂದು ಸಾಲನ್ನು ಮಾದರಿಯಾಗಿ ಕೊಟ್ಟು, ಉಳಿದವೂ ಹೀಗೆಯೇ ಎನ್ನುತ್ತಾರೆ. ಉಳಿದವು ಹೀಗೆಯೇ ಇಲ್ಲ. ರಕಾರಕ್ಕೆ ಉಕಾರ ಊಕಾರಗಳು ಕೆಳಗೆ ಸೇರದೆ ಪಕ್ಕದಲ್ಲಿ ಸೇರುತ್ತವೆ. ಉತ್ತರದ ಪಾಠಶಾಲೆಗಳಲ್ಲಿ ಮಕ್ಕಳು ರಾಗವಾಗಿ ಹೇಳುವ ಬಾರಹಖಡೀ ನಮ್ಮ ಕಾಗುಣಿತಕ್ಕೆ ಸಮಾನವಾದುದು. ಅದರಲ್ಲಿ ಪ್ರತಿಯೊಂದು ವ್ಯಂಜನಕ್ಕೂ ಹನ್ನೆರಡು ರೂಪ, ಮೂವತ್ತಮೂರಕ್ಕೂ ಸೇರಿ 396. ಪಾಶ್ಚಾತ್ಯ ಶಿಕ್ಷಕರಿಗೆ ಇದು ಅರ್ಥವಿಲ್ಲದ ಉರು ಎಂದು ತೋರಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಮಗುವಿಗೆ ಕಿಕಾರವನ್ನು ಬಿಡಿಸದೆ ಒಂದೇ ನೋಟಕ್ಕೆ ಹಿಡಿಯುವ ಅಭ್ಯಾಸವನ್ನು ಕೊಡುವುದು ಈ ಉರುವೇ. ಪೀಟರ್ ಡ್ಯಾನಿಯಲ್ಸ್ ಎಂಬ ವಿದ್ವಾಂಸರು 1990ರಲ್ಲಿ ಈ ಬಗೆಯ ಲಿಪಿಗಳಿಗೆ 'ಅಬುಗಿಡಾ' ಎಂಬ ಹೆಸರನ್ನು ಇಥಿಯೋಪಿಯದ ಅಕ್ಷರಗಳಿಂದ ತಂದರು. ಕನ್ನಡದ ಆಡುಮಾತಿನ ಮೇಲೆ 1958ರಲ್ಲಿ ಗ್ರಂಥವನ್ನು ರಚಿಸಿದ ವಿಲಿಯಂ ಬ್ರೈಟ್ ಅವರು ಬೇರೊಂದು ಗ್ರೀಕ್ ಮೂಲದ ಹೆಸರನ್ನು ಮೆಚ್ಚಿದರು. 'ಅಕ್ಷರ'ವೆಂಬ ಶಬ್ದವು ಕೈಗೆಟಕುವಂತಿದ್ದಾಗ ಅಷ್ಟು ದೂರ ಹೋಗಬೇಕಾಗಿತ್ತೇ ಎಂದು ಕೇಳುವುದು ಅಪರಾಧವಾಗಲಾರದು.

ಹಾಗಾದರೆ ಬಾರಹಖಡಿಯನ್ನು ಇಂಗ್ಲಿಷಿನವನಿಗೂ ಹೇಳಿಕೊಟ್ಟರೆ ಆಯಿತೇ? ಆಗದು. ಏಕೆಂದರೆ ಬರಹದ ಅಕ್ಷರವೇ ಬೇರೆ, ಉಚ್ಚಾರಾಂಶವೇ ಬೇರೆ. ಈ ಭೇದ ಸಂಸ್ಕೃತದಲ್ಲಿಯೂ ಉಂಟು. ಚಂದ್ರಿಕೆಯನ್ನು ಬರೆಯುವಾಗ ನಕಾರವು ಎರಡನೆಯ ಅಕ್ಷರದಲ್ಲಿ ಸೇರಿದರೂ ನುಡಿಯುವಾಗ ಮೊದಲನೆಯದರ ಬಾಗಿಲನ್ನು ಮುಚ್ಚುತ್ತದೆ. ಒತ್ತಕ್ಷರದ ಹಿಂದಿನದು ಗುರುವೆಂದು ಛಂದಶ್ಶಾಸ್ತ್ರವು ವಿಧಿಸಿದುದು ಇದನ್ನು ತಿಳಿದೇ. ಹಿಂದಿಯಲ್ಲಾದರೋ ಈ ಭೇದವು ಬಹುದೂರ ಬೆಳೆದಿದೆ. ಬರಹದಲ್ಲಿರುವ ಅಕಾರವು ಮಾತಿನಲ್ಲಿ ಹಲವೆಡೆ ಇಲ್ಲ. 'ರಾಮ' ಎಂದು ಬರೆದುದನ್ನು 'ರಾಮ್' ಎಂದು ಓದಬೇಕು. ಇದು ಪದಾಂತಕ್ಕೆ ಸೀಮಿತವಾಗಿದ್ದರೆ ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದಾಗಿತ್ತು. 'ಕರನಾ' ಎಂಬ ಬರಹ 'ಕರ್ನಾ' ಎಂಬ ಮಾತು. 'ಜನತಾ' ಎಂಬ ಮೂರು ಅಕ್ಷರಗಳು 'ಜನ್‌ತಾ' ಎಂಬ ಎರಡು ಉಚ್ಚಾರಾಂಶಗಳು. ದಾರಿಯೆಂಬ ಅರ್ಥದ 'ಸಡಕ' ಎಂಬುದು 'ಸಡಕ್'. ಅದಕ್ಕೆ ಬಹುವಚನ ಪ್ರತ್ಯಯ ಸೇರಿದೊಡನೆ 'ಸಡ್‌ಕೇಂ'. ಮೊದಲು ಇದ್ದ ಅಕಾರ ಮಾಯವಾಯಿತು, ಬರಹದಲ್ಲಿ ಯಾವ ಗುರುತೂ ಬದಲಾಗಲಿಲ್ಲ. ಹುಡುಗನು 'ಲಡ್‌ಕಾ', ಹುಡುಗತನವು 'ಲಡಕ್‌ಪನ್': ಮೊದಲನೆಯದರಲ್ಲಿ ಡಕಾರದ ಮೇಲಿನ ಅಕಾರ ಬಿದ್ದಿತು, ಎರಡನೆಯದರಲ್ಲಿ ಅದೇ ನಿಂತು ಕಕಾರದ ಮೇಲಿನದು ಬಿದ್ದಿತು. ಓದುಗನು ಪದದ ಕೊನೆಯವರೆಗೆ ಕಣ್ಣಾಡಿಸಿ, ಪ್ರತ್ಯಯವೆಲ್ಲಿ ಪ್ರಕೃತಿಯೆಲ್ಲಿ ಎಂದು ತಿಳಿದು, ಆಮೇಲೆ ಬಾಯಿ ತೆರೆಯಬೇಕು.

ಕಾಮತಾಪ್ರಸಾದ ಗುರು ಅವರು ತಮ್ಮ 'ಹಿಂದೀ ವ್ಯಾಕರಣ'ದಲ್ಲಿ (1920) ಇದಕ್ಕೆ ನಿಯಮಗಳನ್ನು ಕೊಟ್ಟಿದ್ದಾರೆ. 'ಸತ್ಯ', 'ಇಂದ್ರ' ಮುಂತಾದ ಸಂಯುಕ್ತಾಂತ ಪದಗಳಲ್ಲಿಯೂ, 'ಪ್ರಿಯ'ದಂಥವುಗಳಲ್ಲಿಯೂ ಅಂತ್ಯ ಅಕಾರ ಉಳಿಯುವುದೆಂಬ ಅಪವಾದವನ್ನೂ ಹೇಳಿದ್ದಾರೆ. ಮಂಜರಿ ಓಹಾಲಾ ಅವರು 1983ರಲ್ಲಿ ಪ್ರಕಟಿಸಿದ ಹಿಂದೀ ಧ್ವನಿಶಾಸ್ತ್ರದ ಗ್ರಂಥದಲ್ಲಿ ಈ ಲೋಪವನ್ನು ಆಧುನಿಕ ಭಾಷಾವಿಜ್ಞಾನದ ಕ್ರಮದಿಂದ ಪರೀಕ್ಷಿಸಿದರು. ಪದ್ಯದಲ್ಲಿ ಮಾತ್ರ ಬಿದ್ದ ಅಕಾರ ಮತ್ತೆ ಎದ್ದು ನಿಲ್ಲುತ್ತದೆ. ಹದಿನಾರು ಮಾತ್ರೆಗಳ ಚೌಪಾಯಿಯಲ್ಲಿ 'ರಾಮ'ನಿಗೆ ಮೂರು ಮಾತ್ರೆ, ಎರಡಲ್ಲ. ಎಂದರೆ ನಾಗರಿಯು ಹಿಂದಿಯ ಮಾತನ್ನಲ್ಲ, ಹಿಂದಿಯ ಪದ್ಯವನ್ನು ಪ್ರಾಮಾಣಿಕವಾಗಿ ಬರೆಯುತ್ತಿದೆಯೆಂದು ಹೇಳಿದರೆ ತಪ್ಪಾಗಲಾರದು.

ಈಚಿನ ಗ್ರಂಥಕಾರರು, ಉದಾಹರಣೆಗೆ ಮೆಗ್ರೆಗರ್ (1972), ಸ್ನೆಲ್ ಮತ್ತು ವೈಟ್‌ಮನ್ (1989), ಇದನ್ನು ಕಾಣದೆ ಹೋದವರಲ್ಲ. ನಮ್ಮ ಆಕ್ಷೇಪವು ಒಟ್ಟಾರೆ ಈ ಪ್ರಕಾರದ ಗ್ರಂಥಗಳಲ್ಲಿ ಈ ವಿಷಯಕ್ಕೆ ದೊರೆತಿರುವ ಸ್ಥಾನದ ಬಗೆಗೆ. ಅಂತರ್ಗತ ಅಕಾರವನ್ನು ನಿಯಮವೆಂದು ಮೊದಲು ಬಲವಾಗಿ ಊರಿ, ಅದರ ಲೋಪವನ್ನು ಅಪವಾದವೆಂದು ಆಮೇಲೆ ಸೂಚಿಸುವುದರಿಂದ, ವಿದ್ಯಾರ್ಥಿಯು ತಿಂಗಳುಗಟ್ಟಲೆ 'ಸಮಝನಾ' ಎಂಬುದನ್ನು ನಾಲ್ಕು ಮೆಟ್ಟಿಲಾಗಿ ಹತ್ತುತ್ತಾನೆ. ಕೇಳಿದುದನ್ನು ಬರೆಯುವಾಗ ತೊಂದರೆ ತಿರುಗುಮುರುಗಾಗುತ್ತದೆ. 'ಜನ್‌ತಾ' ಎಂದು ಕೇಳಿ ಅವನು ಸಂಯುಕ್ತಾಕ್ಷರವನ್ನು ಬರೆಯುತ್ತಾನೆ. ಅವನನ್ನು ತಿದ್ದುವವರೂ ಇಲ್ಲಿ ಸ್ವಲ್ಪ ಸಂಕೋಚಪಡಬೇಕು. 'ಉಲಟಾ' ಎಂದು ಬಿಡಿಸಿ ಬರೆದುದೂ 'ಉಲ್ಟಾ' ಎಂದು ಕೂಡಿಸಿ ಬರೆದುದೂ ಹಿಂದಿಯ ಮುದ್ರಿತ ಗ್ರಂಥಗಳಲ್ಲಿಯೇ ಸಿಕ್ಕುತ್ತವೆ.

ಹಿಂದೀ ಮಗುವಿಗೆ ಈ ತೊಂದರೆಯಿಲ್ಲ. ಅದು 'ಸಡಕ್' ಎಂಬ ಶಬ್ದವನ್ನು ಮನೆಯಲ್ಲಿ ಕಲಿತು ಶಾಲೆಗೆ ಬರುತ್ತದೆ. ಬರಹವು ಅದಕ್ಕೆ ಗೊತ್ತಿರುವ ಶಬ್ದದ ನೆನಪು ಮಾತ್ರ. ಆದುದರಿಂದಲೇ ಬಾರಹಖಡಿಯ ಶಿಕ್ಷಣವು ಅದಕ್ಕೆ ಸಾಲುತ್ತದೆ, ಪರಕೀಯನಿಗೆ ಸಾಲದು. ಹಿಂದೀ ಬರಹವನ್ನು ಓದಿ ನುಡಿಯುವ ಯಂತ್ರಗಳನ್ನು ರೂಪಿಸಿದವರೂ ಇದೇ ಅಕಾರದೊಡನೆ ಸೆಣಸಬೇಕಾಯಿತು; ಯಂತ್ರಕ್ಕೂ ಮನೆಮಾತಿಲ್ಲ. ಇಂಗ್ಲಿಷಿನವನಿಗೆ ಬೇಕಾದ ಪ್ರವೇಶಿಕೆಯು ಕಿವಿಯಿಂದ ಆರಂಭವಾಗಬೇಕು. ಸಾತ್, ಸಾಥ್, ಸಾಠ್‌ಗಳನ್ನು ಅವನು ಕೇಳಿ ಬೇರ್ಪಡಿಸಿದ ಮೇಲೆ ಅವುಗಳ ಅಕ್ಷರ ಬರಲಿ. ಅಕ್ಷರವು ಗುಣಿತದ ಪೂರ್ಣರೂಪದಲ್ಲಿ ಬರಲಿ. ಮೊದಲ ಪಾಠಗಳ ಮುದ್ರಣದಲ್ಲಿ ನುಡಿಯದ ಅಕಾರವುಳ್ಳ ವ್ಯಂಜನದ ಮೇಲೆ ಒಂದು ಸಣ್ಣ ಗುರುತಿದ್ದು, ಕ್ರಮೇಣ ಅದು ಮರೆಯಾಗಲಿ. ಇಂಥ ಗುರುತು ಲಿಪಿಗೆ ಅಪಚಾರವೆನ್ನುವವರು ಸಂಸ್ಕೃತದ ಹಲಂತಚಿಹ್ನೆಯನ್ನು ನೆನೆಯಬೇಕು. ಸಂಸ್ಕೃತವು ಅಕಾರವಿಲ್ಲದೆಡೆ ಅದನ್ನು ತಪ್ಪದೆ ಬರೆಯುತ್ತದೆ.

ಕನ್ನಡಿಗರು ಹಿಂದಿಯನ್ನು ಕಲಿಯುವಾಗ ಲಿಪಿಯ ತತ್ತ್ವ ಒಂದೇ ಆದುದರಿಂದ ಅಕ್ಷರವೇನೋ ನಮಗೆ ಸುಲಭ; ಅಕಾರಲೋಪವು ನಮಗೆ ಇಂಗ್ಲಿಷಿನವನಷ್ಟೇ ಕಷ್ಟ. ಅವನಿಗಿಂತ ಹೆಚ್ಚೆಂದರೂ ಸಲ್ಲುತ್ತದೆ, ಏಕೆಂದರೆ ನಮ್ಮ ನುಡಿಯಲ್ಲಿ ಬರೆದ ಅಕಾರವನ್ನು ನುಡಿದೇ ರೂಢಿ. ನಮ್ಮ ಶಾಲೆಗಳಲ್ಲಿ ಹಿಂದೀ ಪಾಠವನ್ನು ಗಟ್ಟಿಯಾಗಿ ಓದುವ ಹುಡುಗನು 'ಕರನಾ' ಎಂದೇ ಓದುತ್ತಾನೆ. ತಿದ್ದಬೇಕೆಂದು ಎಲ್ಲ ಕಡೆಯೂ ತೋರುವುದಿಲ್ಲ. ಈ ಲೇಖನದಲ್ಲಿಯೇ ಹಿಂದೀ ಶಬ್ದಗಳನ್ನು ಕೆಲವೆಡೆ ಬರಹದಂತೆ, ಕೆಲವೆಡೆ ಮಾತಿನಂತೆ ಬರೆಯಬೇಕಾಯಿತು. ಕನ್ನಡ ಲಿಪಿಯಲ್ಲಿ ಅಚ್ಚಾಗುವ ಹಿಂದೀ ಪಾಠಗಳಲ್ಲಿ ಯಾವ ರೀತಿಯನ್ನು ಅನುಸರಿಸಬೇಕೆಂಬುದನ್ನು ಹಿಂದೀ ಅಧ್ಯಾಪಕರೂ ಕನ್ನಡ ಅಧ್ಯಾಪಕರೂ ಒಟ್ಟಿಗೆ ಕುಳಿತು ಗೊತ್ತುಮಾಡಬೇಕಾಗಿದೆ.